ನೀರು ಹೊಕ್ಕ ಕ್ಯಾಮೆರಾ ರಿಪೇರಿಯಾಗದು ಎಂದಾದ ಮೇಲೆ: ಮಾರುವುದೋ, ಬಿಚ್ಚುವುದೋ, ಒಪ್ಪಿಸುವುದೋ?

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಛಾಯಾಗ್ರಹಣದ ಹವ್ಯಾಸವಿರುವ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಒಬ್ಬರ ಕ್ಯಾಮೆರಾ ಆಗುಂಬೆಯ ಮಳೆಯಲ್ಲಿ ನೆನೆದಿರುತ್ತದೆ, ಇನ್ನೊಬ್ಬರದು ಜೋಗದ ತುಂತುರಿಗೆ ಸಿಕ್ಕಿರುತ್ತದೆ, ಮತ್ತೊಬ್ಬರದಕ್ಕೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಯಲ್ಲಿ ಉಪ್ಪುನೀರು ಬಡಿದಿರುತ್ತದೆ. ಸರ್ವಿಸ್ ಸೆಂಟರಿನವರು ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿರುತ್ತಾರೆ: ಇದನ್ನು ಸರಿಪಡಿಸಲಾಗದು, ಅಥವಾ ಸರಿಪಡಿಸುವ ಖರ್ಚಿಗೆ ಇನ್ನೊಂದು ಬಾಡಿಯೇ (ಲೆನ್ಸ್ ಬಿಟ್ಟು ಕ್ಯಾಮೆರಾದ ಮುಖ್ಯ ಭಾಗ) ಬರುತ್ತದೆ. ಅಲ್ಲಿಂದ ಮುಂದೆ ಆ ನಿರ್ಜೀವ ವಸ್ತುವನ್ನು ಏನು ಮಾಡಬೇಕೆಂದು ತಿಳಿಯದೆ ಬಹಳ ಮಂದಿ ಅದನ್ನು ಕಪಾಟಿನ ಮೂಲೆಗೆ ಸೇರಿಸಿ ಮರೆಯುತ್ತಾರೆ. ಇರುವ ಆಯ್ಕೆಗಳಲ್ಲಿ ಇದೇ ಅತ್ಯಂತ ಕೆಟ್ಟದ್ದು. ಏಕೆಂದರೆ ವಿಮೆಯ ಗಡುವು ಮೀರಿಹೋಗುತ್ತದೆ, ಬಿಡಿಭಾಗಗಳಿಗೆ ತುಕ್ಕು ಹಿಡಿದು ಬೆಲೆ ಇಳಿಯುತ್ತದೆ, ಒಳಗೆ ಉಳಿದ ಒದ್ದೆ ಬ್ಯಾಟರಿ ಮನೆಗೇ ಅಪಾಯವಾಗುತ್ತದೆ.

ಆಯ್ಕೆಗಳನ್ನು ತೂಗುವ ಮೊದಲು ‘ರಿಪೇರಿಯಾಗದು’ ಎಂಬ ತೀರ್ಪನ್ನೇ ಸ್ವಲ್ಪ ಪರೀಕ್ಷಿಸಬೇಕು. ಕಂಪನಿಯ ಅಧಿಕೃತ ಸೇವಾ ಕೇಂದ್ರಗಳು ಸಾಮಾನ್ಯವಾಗಿ ಒಳಗಿನ ಕೆಟ್ಟ ಸರ್ಕ್ಯೂಟ್ ಬೋರ್ಡನ್ನು ಇಡಿಯಾಗಿ ಬದಲಿಸುತ್ತವೆಯೇ ಹೊರತು ಅದರ ಮೇಲಿನ ಒಂದು ಫ್ಯೂಸನ್ನೋ ಚಿಪ್ಪನ್ನೋ ಬಿಡಿಸಿ ಹೊಸದು ಕೂರಿಸುವುದಿಲ್ಲ. ಆದ್ದರಿಂದ ಅವರ ಎಸ್ಟಿಮೇಟ್ ದೊಡ್ಡದಾಗಿರುತ್ತದೆ. ಬೋರ್ಡಿನ ಮಟ್ಟದಲ್ಲಿ ಕೆಲಸ ಮಾಡುವ ಸ್ವತಂತ್ರ ರಿಪೇರಿಗಾರರು ಬೆಂಗಳೂರಿನಂಥ ನಗರಗಳಲ್ಲಿ ಸಿಗುತ್ತಾರೆ. ಒಳಗೆ ಹೋದದ್ದು ಮಳೆನೀರೋ ನಲ್ಲಿನೀರೋ ಆಗಿದ್ದು, ಬ್ಯಾಟರಿಯನ್ನು ಬೇಗನೆ ತೆಗೆದಿದ್ದರೆ, ಅಂಥವರಲ್ಲಿ ಎರಡನೆಯ ಅಭಿಪ್ರಾಯ ಕೇಳುವುದು ಸಾರ್ಥಕ. ಸಮುದ್ರದ ನೀರಾಗಿದ್ದರೆ ನಾನು ಆ ಓಡಾಟವನ್ನು ಸಲಹೆ ಮಾಡುವುದಿಲ್ಲ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ, ಬ್ಯಾಟರಿ ಒಳಗಿದ್ದಷ್ಟು ಹೊತ್ತೂ ಬೋರ್ಡಿನ ಸಣ್ಣ ತಾಮ್ರದ ಗೆರೆಗಳು ಕರಗುತ್ತಿರುತ್ತವೆ. ನೀರು ಆರಿದ ಮೇಲೂ ಉಳಿದ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಸವೆತವನ್ನು ಮುಂದುವರಿಸುತ್ತದೆ. ಅಂಥ ಕ್ಯಾಮೆರಾ ನಾಲ್ಕು ದಿನದ ನಂತರ ಒಮ್ಮೆ ಆನ್ ಆಯಿತೆಂದು ಸಂಭ್ರಮಿಸುವಂತಿಲ್ಲ, ‘ಚಾಲೂ ಸ್ಥಿತಿಯಲ್ಲಿದೆ’ ಎಂದು ಮಾರುವಂತೆಯಂತೂ ಇಲ್ಲ.

ತೀರ್ಪು ಏನೇ ಇರಲಿ, ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮಾದರಿಯ ಹೆಸರು, ಸೀರಿಯಲ್ ನಂಬರು, ಹಾನಿಯ ಕಾರಣ ಮತ್ತು ಅಂದಾಜು ವೆಚ್ಚ ಇರುವ ಎಸ್ಟಿಮೇಟ್ ಕೈಯಲ್ಲಿದ್ದರೆ ಮುಂದಿನ ಹಲವು ದಾರಿಗಳಲ್ಲಿ ಅದು ಬೇಕಾಗುತ್ತದೆ. ಲೆನ್ಸ್ ಕೂಡ ನೆನೆದಿದ್ದರೆ ಅದಕ್ಕೆ ಪ್ರತ್ಯೇಕ ಎಸ್ಟಿಮೇಟ್ ಕೇಳಿ. ಬಾಡಿ ಹೋದ ಮಾತ್ರಕ್ಕೆ ಲೆನ್ಸೂ ಹೋಯಿತೆಂದು ಅರ್ಥವಲ್ಲ. ಎಷ್ಟೋ ಸಲ ಬಾಡಿಗಿಂತ ಲೆನ್ಸಿಗೇ ಹೆಚ್ಚು ಬೆಲೆಯಿರುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ ಕೆಲಸಗಳು ಕೆಲವಿವೆ. ಬ್ಯಾಟರಿಯನ್ನು ಹೊರತೆಗೆಯಬೇಕು, ನೀರು ಹೊಕ್ಕ ಲಿಥಿಯಂ ಅಯಾನ್ ಬ್ಯಾಟರಿ ನೋಡಲು ಸರಿಯಾಗಿದ್ದರೂ ಅದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಅದರ ಲೋಹದ ತುದಿಗಳಿಗೆ ಟೇಪು ಅಂಟಿಸಿ, ಸುಲಭವಾಗಿ ಹೊತ್ತಿಕೊಳ್ಳುವ ವಸ್ತುಗಳಿಂದ ದೂರ, ಮನೆಯ ಹೊರಗೆ ನೆರಳಿನಲ್ಲಿಡುವುದು ಕ್ಷೇಮ. ಮೆಮೊರಿ ಕಾರ್ಡಿನ ವಿಷಯದಲ್ಲಿ ಮಾತ್ರ ಆಶೆ ಬಿಡಬೇಕಾಗಿಲ್ಲ. ಅದರ ಮೆಮೊರಿ ಚಿಪ್ ಗಟ್ಟಿ ರಾಳದೊಳಗೆ ಮುಚ್ಚಿರುವುದರಿಂದ ಕ್ಯಾಮೆರಾ ಸತ್ತರೂ ಕಾರ್ಡು ಬದುಕಿರುವುದೇ ಹೆಚ್ಚು. ಉಪ್ಪುನೀರಾಗಿದ್ದರೆ ಕಾರ್ಡನ್ನು ಶುದ್ಧ ನೀರಿನಲ್ಲಿ ಒಮ್ಮೆ ತೊಳೆದು, ಪೂರ್ತಿ ಒಣಗಿಸಿದ ಮೇಲಷ್ಟೇ ರೀಡರಿಗೆ ಹಾಕಿ ಚಿತ್ರಗಳನ್ನು ನಕಲು ಮಾಡಿಕೊಳ್ಳಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆಮದ್ದಿನಿಂದ ಲಾಭವಿಲ್ಲ. ಅಕ್ಕಿಯ ಧೂಳು ಲೆನ್ಸಿನ ಸಂದುಗಳಲ್ಲಿ ಸೇರುವುದಷ್ಟೇ ಫಲ.

ತೂಗುವ ಮಾನದಂಡಗಳು

ನಾನು ಐದು ವಿಷಯಗಳನ್ನು ನೋಡುತ್ತೇನೆ. ಖರ್ಚು ಕಳೆದು ಕೈಗೆ ಎಷ್ಟು ಹಣ ಬರುತ್ತದೆ ಎಂಬುದು ಮೊದಲನೆಯದು. ಅದಕ್ಕೆ ತಗಲುವ ಸಮಯ ಮತ್ತು ಓಡಾಟ ಎರಡನೆಯದು. ಬೆಂಕಿ, ವಿದ್ಯುತ್ ಆಘಾತ ಮತ್ತು ಮೋಸದ ಅಪಾಯ ಮೂರನೆಯದು. ಆ ವಸ್ತು ಕಟ್ಟಕಡೆಗೆ ಯಾರ ಕೈ ಸೇರಿ ಹೇಗೆ ಕೊನೆಗೊಳ್ಳುತ್ತದೆ ಎಂಬುದು ನಾಲ್ಕನೆಯದು. ಐದನೆಯದನ್ನು ಬಹುತೇಕ ಜನ ಯೋಚಿಸುವುದೇ ಇಲ್ಲ: ಈ ದಾರಿಯನ್ನು ಹಿಡಿದರೆ ಬೇರೆ ಯಾವ ದಾರಿ ಮುಚ್ಚಿಹೋಗುತ್ತದೆ? ಕ್ಯಾಮೆರಾ ಬಿಚ್ಚಿದ ಮೇಲೆ ವಿಮೆ ಕೇಳುವುದು ಕಷ್ಟ, ಇ-ತ್ಯಾಜ್ಯಕ್ಕೆ ಕೊಟ್ಟ ಮೇಲೆ ಬಿಡಿಭಾಗಗಳನ್ನು ಮಾರಲಾಗದು. ಆದ್ದರಿಂದ ಇಲ್ಲಿ ಆಯ್ಕೆಯಷ್ಟೇ ಅದರ ಅನುಕ್ರಮವೂ ಮುಖ್ಯ.

ವಿಮೆ

ಕಂಪನಿಯ ವಾರಂಟಿ ನೀರಿನ ಹಾನಿಗೆ ಅನ್ವಯಿಸುವುದಿಲ್ಲ. ಜಾಹೀರಾತಿನಲ್ಲಿ ‘ವೆದರ್ ಸೀಲಿಂಗ್’ ಎಂದು ಹೇಳಿದ ಮಾದರಿಗಳಿಗೂ ಇದೇ ಮಾತು ಅನ್ವಯ. ಅದು ತುಂತುರು ಮತ್ತು ಧೂಳನ್ನು ತಡೆಯುವ ಏರ್ಪಾಟೇ ಹೊರತು ಮುಳುಗಿದರೆ ಕಾಪಾಡುವ ಭರವಸೆಯಲ್ಲ. ಹಾಗಾಗಿ ಪ್ರತ್ಯೇಕ ವಿಮೆ ಇದ್ದವರಿಗೆ ಮಾತ್ರ ಈ ದಾರಿ ತೆರೆದಿರುತ್ತದೆ. ಮದುವೆ, ಸಮಾರಂಭಗಳ ಚಿತ್ರ ತೆಗೆಯುವ ವೃತ್ತಿಪರರು ಸಲಕರಣೆಗಳಿಗೆ ‘ಆಲ್ ರಿಸ್ಕ್’ ಬಗೆಯ ಪಾಲಿಸಿ ಮಾಡಿಸಿರುವುದುಂಟು. ಮನೆಯ ವಸ್ತುಗಳ ವಿಮೆ ಇದ್ದವರು ಪಾಲಿಸಿಯ ಪಟ್ಟಿಯನ್ನು ಓದಿ ನೋಡಬೇಕು. ಪ್ರವಾಹದ ನೀರು ಮನೆಗೆ ನುಗ್ಗಿ ಕ್ಯಾಮೆರಾ ಹಾಳಾದರೆ ಸಿಗುವ ಪರಿಹಾರ, ನೀವೇ ಅದನ್ನು ಹೊಳೆಗೆ ಬೀಳಿಸಿದಾಗ ಸಿಗದೇ ಹೋಗಬಹುದು.

ವಿಮೆ ಇದೆಯೆಂದಾದರೆ ಬೇರೆಲ್ಲವನ್ನೂ ಬದಿಗಿಟ್ಟು ಇದನ್ನೇ ಮೊದಲು ಮುಗಿಸಬೇಕು. ಘಟನೆಯನ್ನು ಕೂಡಲೇ ಲಿಖಿತವಾಗಿ ತಿಳಿಸಿ. ಹಾನಿಯನ್ನು ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವವರೆಗೆ ಕ್ಯಾಮೆರಾವನ್ನು ಬಿಚ್ಚಬೇಡಿ, ಮಾರಬೇಡಿ, ಯಾರಿಗೂ ಕೊಡಬೇಡಿ. ಖರೀದಿಯ ಬಿಲ್ಲು, ಸೀರಿಯಲ್ ನಂಬರಿನ ಚಿತ್ರ ಮತ್ತು ಸೇವಾ ಕೇಂದ್ರದ ಎಸ್ಟಿಮೇಟ್ ಜೊತೆಗಿರಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ವಸ್ತು ಪೂರ್ತಿ ಹಾಳಾಗಿದೆ ಎಂದು ಒಪ್ಪಿದಾಗ ವಿಮಾ ಕಂಪನಿಯು ಒಂದೋ ಅವಶೇಷವನ್ನು ತಾನೇ ತೆಗೆದುಕೊಳ್ಳುತ್ತದೆ, ಇಲ್ಲವೇ ಅದಕ್ಕೊಂದು ಬೆಲೆ ಕಟ್ಟಿ ಅಷ್ಟನ್ನು ಪರಿಹಾರದಿಂದ ಕಳೆದು ವಸ್ತುವನ್ನು ನಿಮಗೇ ಬಿಡುತ್ತದೆ. ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ: ವಿಮೆಯ ಮೊತ್ತ 80,000 ರೂಪಾಯಿ, ಸವಕಳಿ (ಬಳಕೆಯಿಂದ ಇಳಿದ ಬೆಲೆ) 16,000, ನೀವೇ ಭರಿಸಬೇಕಾದ ಪಾಲು 4,000. ಉಳಿಯುವುದು 60,000. ಅವಶೇಷಕ್ಕೆ 3,000 ಕಟ್ಟಿದರೆ, ಕ್ಯಾಮೆರಾ ನಿಮ್ಮಲ್ಲೇ ಉಳಿದು 57,000 ಬರುತ್ತದೆ. ಬಿಡಿಭಾಗಕ್ಕಾಗಿ ಅದನ್ನು 4,000ಕ್ಕೆ ಕೊಳ್ಳುವವರಿದ್ದರೆ ಇಟ್ಟುಕೊಳ್ಳುವುದು ಲಾಭ. 1,500ಕ್ಕಿಂತ ಮೇಲೆ ಯಾರೂ ಕೇಳದಿದ್ದರೆ ಕಂಪನಿಗೇ ಬಿಟ್ಟುಕೊಡುವುದು ಜಾಣತನ. ಸರ್ವೇಯರ್ ಬರುವ ಮೊದಲೇ ಒಬ್ಬಿಬ್ಬರು ರಿಪೇರಿಗಾರರನ್ನು ಬೆಲೆ ವಿಚಾರಿಸಿಟ್ಟುಕೊಂಡರೆ ಈ ಮಾತುಕತೆಯಲ್ಲಿ ತಡವರಿಸಬೇಕಾಗುವುದಿಲ್ಲ.

ಸ್ಟುಡಿಯೊ ನಡೆಸುವವರು ತಮ್ಮ ಲೆಕ್ಕಪರಿಶೋಧಕರಿಗೂ ವಿಷಯ ತಿಳಿಸಬೇಕು. ಕ್ಯಾಮೆರಾವನ್ನು ವ್ಯವಹಾರದ ಆಸ್ತಿಯೆಂದು ತೋರಿಸಿ ಸವಕಳಿ ಪಡೆಯುತ್ತಿದ್ದರೆ, ಬಂದ ವಿಮೆಯ ಹಣವನ್ನೂ ಗುಜರಿ ಬೆಲೆಯನ್ನೂ ಆ ಲೆಕ್ಕದಲ್ಲಿ ಕಳೆಯಬೇಕಾಗುತ್ತದೆ.

ಸತ್ತ ಸ್ಥಿತಿಯಲ್ಲೇ ಇಡಿಯಾಗಿ ಮಾರುವುದು

ವಿಮೆ ಇಲ್ಲದ ಬಹುಪಾಲು ಜನರಿಗೆ ಹಣ, ಶ್ರಮಗಳ ತಕ್ಕಡಿಯಲ್ಲಿ ಇದೇ ಸಮತೂಕದ ದಾರಿ ಎಂಬುದು ನನ್ನ ಅಭಿಪ್ರಾಯ. ನೀರಿಗೆ ಮೊದಲು ಬಲಿಯಾಗುವುದು ಬೋರ್ಡು. ಹೊರಕವಚ, ಹಿಂಬದಿಯ ಪರದೆ, ಹಿಡಿಕೆಯ ರಬ್ಬರು, ಬ್ಯಾಟರಿ ಬಾಗಿಲು, ಲೆನ್ಸ್ ಕೂರುವ ಲೋಹದ ಬಳೆ, ಕೆಲವೊಮ್ಮೆ ಶಟರ್ ಕೂಡ ಚೆನ್ನಾಗಿಯೇ ಉಳಿದಿರುತ್ತವೆ. ತಯಾರಿಕೆ ನಿಂತುಹೋದ ಮಾದರಿಗಳಿಗೆ ಕಂಪನಿಯಿಂದ ಬಿಡಿಭಾಗ ಸಿಗದಿರುವುದರಿಂದ ರಿಪೇರಿಗಾರರಿಗೆ ಇಂಥ ಬಾಡಿಗಳು ಬೇಕಾಗುತ್ತವೆ. ಜನಪ್ರಿಯ ಮಾದರಿ, ಸಿಹಿನೀರಿನ ಹಾನಿ ಮತ್ತು ಯಾರೂ ಬಿಚ್ಚದ ಬಾಡಿ, ಈ ಮೂರೂ ಕೂಡಿದ್ದರೆ ಬೆಲೆ ಚೆನ್ನಾಗಿ ಬರುತ್ತದೆ. ಸಮುದ್ರದ ನೀರು ಕುಡಿದಿದ್ದರೆ ತಿರುಪುಗಳೇ ತುಕ್ಕು ಹಿಡಿದು ಕೂತಿರುವುದರಿಂದ ಕೊಳ್ಳುವವರು ಹಿಂಜರಿಯುತ್ತಾರೆ.

ಮಾರುವ ಜಾಗಗಳು ಎರಡು. ರಿಪೇರಿ ಅಂಗಡಿಯಲ್ಲಿ ಕೊಟ್ಟರೆ ಬೆಲೆ ಕಡಿಮೆ, ಆದರೆ ಅರ್ಧ ಗಂಟೆಯಲ್ಲಿ ಮಾತು ಮುಗಿಯುತ್ತದೆ. ಹಳೆಯ ವಸ್ತುಗಳ ಜಾಲತಾಣಗಳಲ್ಲಿ ಹಾಕಿದರೆ ಬೆಲೆ ಹೆಚ್ಚು ಸಿಗಬಹುದಾದರೂ ಕರೆಗಳಿಗೆ ಉತ್ತರಿಸುವ ತಾಳ್ಮೆ ಬೇಕು. ಅಲ್ಲಿ ವಿವರಣೆ ನೇರವಾಗಿರಲಿ: ‘ನೀರು ಬಿದ್ದಿದೆ, ಆನ್ ಆಗುವುದಿಲ್ಲ, ಬಿಡಿಭಾಗಕ್ಕೆ ಮಾತ್ರ.’ ಯಾವ ನೀರು ಎಂಬುದನ್ನೂ ಬರೆಯಿರಿ. ‘ಸಣ್ಣ ದೋಷ’ ಎಂದು ನುಣುಚಿಕೊಂಡರೆ ನಾಳೆ ಜಗಳ ಮನೆ ಬಾಗಿಲಿಗೇ ಬರುತ್ತದೆ. ಹಣ ಕಳಿಸುತ್ತೇನೆಂದು ಹೇಳಿ ಕ್ಯೂಆರ್ ಕೋಡ್ ಕಳಿಸಿ ಪಿನ್ ಒತ್ತಲು ಹೇಳುವವರೊಂದಿಗೆ ವ್ಯವಹಾರ ಬೇಡ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಸೀರಿಯಲ್ ನಂಬರು ನಮೂದಿಸಿದ ಒಂದು ಸಣ್ಣ ರಸೀದಿಗೆ ಕೊಂಡವರ ಸಹಿ ಪಡೆದಿಡಿ. ಕೊರಿಯರಿನಲ್ಲಿ ಕಳಿಸುವುದಾದರೆ ನೆನೆದ ಬ್ಯಾಟರಿಯನ್ನು ಅದರೊಳಗೆ ಇಡಲೇಬಾರದು, ಏಕೆಂದರೆ ಹಾನಿಗೊಂಡ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಸಾಗಿಸುವುದು ನಿಷಿದ್ಧ.

ಚಾರ್ಜರು, ನೆನೆಯದ ಹೆಚ್ಚುವರಿ ಬ್ಯಾಟರಿ, ಮೆಮೊರಿ ಕಾರ್ಡು ಮತ್ತು ಲೆನ್ಸುಗಳನ್ನು ಸತ್ತ ಬಾಡಿಯ ಜೊತೆ ಕಟ್ಟಿ ಮಾರಬೇಡಿ. ಕೊಳ್ಳುವವರು ಎಲ್ಲವನ್ನೂ ಸೇರಿಸಿ ಒಂದೇ ಬೆಲೆ ಕೇಳುತ್ತಾರೆ, ಮತ್ತು ಆ ಬೆಲೆಯಲ್ಲಿ ಬಾಡಿಯ ಪಾಲು ಸೊನ್ನೆಯಾಗಿರುತ್ತದೆ.

ಬಿಚ್ಚಿ ಬಿಡಿಯಾಗಿ ಮಾರುವುದು

ಲೆಕ್ಕದಲ್ಲಿ ಇದು ಹೆಚ್ಚು ಹಣದ ದಾರಿ, ಆಚರಣೆಯಲ್ಲಿ ಹೆಚ್ಚು ನಿರಾಶೆಯ ದಾರಿ. ಒಳಗೆ ಫ್ಲಾಶ್ ಇರುವ ಕ್ಯಾಮೆರಾದಲ್ಲಿ ಸುಮಾರು 300 ವೋಲ್ಟಿನ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಬಲವಾದ ಆಘಾತ ಕೊಡಬಲ್ಲದು. ಅದನ್ನು ಖಾಲಿ ಮಾಡುವ ಕ್ರಮ ತಿಳಿಯದವರು ಕವಚ ಬಿಚ್ಚಬಾರದು. ಜಪಾನಿನ ಕ್ಯಾಮೆರಾಗಳಲ್ಲಿರುವ ತಿರುಪುಗಳ ತಲೆ ಜೆಐಎಸ್ ಎಂಬ ಅಳತೆಯದು. ಮನೆಯಲ್ಲಿರುವ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ತಿರುಪು ಅಲ್ಲೇ ಉಳಿಯುತ್ತದೆ. ಇಷ್ಟೆಲ್ಲ ದಾಟಿ ಬಿಚ್ಚಿದರೂ ರಬ್ಬರು, ಐಕಪ್ (ಕಣ್ಣಿಟ್ಟು ನೋಡುವಲ್ಲಿನ ರಬ್ಬರು ಅಂಚು), ಬ್ಯಾಟರಿ ಬಾಗಿಲುಗಳಂಥ ಹೊರಭಾಗಗಳು ಮಾತ್ರ ಬೇಗ ಹೋಗುತ್ತವೆ. ಸೆನ್ಸರ್, ಶಟರ್‌ಗಳನ್ನು ಪರೀಕ್ಷಿಸಿ ತೋರಿಸಲು ನಿಮ್ಮಲ್ಲಿ ಸಾಧನವಿಲ್ಲವಾದ್ದರಿಂದ ಅವಕ್ಕೆ ಬೆಲೆ ಹುಟ್ಟುವುದಿಲ್ಲ. ಯಂತ್ರಗಳನ್ನು ಬಿಚ್ಚಿ ನೋಡುವ ಕುತೂಹಲವೇ ಸಂಬಳವೆಂದು ಭಾವಿಸುವವರಿಗೆ ಮಾತ್ರ ಇದು ಸರಿ.

ಆದರೆ ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬಾಡಿಯನ್ನು ಮತ್ತೆ ಕೊಳ್ಳುವವರಿಗೆ ಲೆಕ್ಕ ಬದಲಾಗುತ್ತದೆ. ಅವರು ಹಳೆಯ ಬಾಡಿಯನ್ನು ಚೆನ್ನಾಗಿ ಒಣಗಿಸಿ, ಬ್ಯಾಟರಿಯಿಲ್ಲದೆ ಇಟ್ಟುಕೊಂಡರೆ ಬಾಗಿಲು ಮುರಿದಾಗ, ರಬ್ಬರು ಸಡಿಲವಾದಾಗ ಅದೇ ಬಿಡಿಭಾಗಗಳ ಉಗ್ರಾಣವಾಗುತ್ತದೆ. ಮಾರಿದರೆ ಬರುವ ಚಿಲ್ಲರೆ ಹಣಕ್ಕಿಂತ ಇದರ ಉಪಯೋಗ ದೊಡ್ಡದು.

ಎಕ್ಸ್‌ಚೇಂಜ್

ಆಯುಧಪೂಜೆ, ದೀಪಾವಳಿಯ ಹೊತ್ತಿಗೆ ಹಳೆಯ ಕ್ಯಾಮೆರಾ ಕೊಟ್ಟು ಹೊಸದನ್ನು ಕೊಳ್ಳುವ ಕೊಡುಗೆಗಳು ಕಾಣಿಸುತ್ತವೆ. ಹೆಚ್ಚಿನವು ‘ಆನ್ ಆಗಬೇಕು’ ಎಂಬ ಷರತ್ತಿನವು. ಸತ್ತ ಕ್ಯಾಮೆರಾವನ್ನೂ ಒಪ್ಪುವವರು ಕೊಡುವುದು ಒಂದು ನಿಗದಿತ ರಿಯಾಯಿತಿ ಮಾತ್ರ. ಅಂಗಡಿಯವರನ್ನು ಮೊದಲು ‘ಎಕ್ಸ್‌ಚೇಂಜ್ ಇಲ್ಲದೆ ಕೊನೆಯ ಬೆಲೆ ಎಷ್ಟು?’ ಎಂದು ಕೇಳಿ, ಆಮೇಲೆ ಹಳೆಯದನ್ನು ತೋರಿಸಿ. ಎರಡು ಬೆಲೆಗಳ ನಡುವಿನ ವ್ಯತ್ಯಾಸವೇ ನಿಮ್ಮ ಕ್ಯಾಮೆರಾಕ್ಕೆ ಅವರು ಕೊಡುತ್ತಿರುವ ನಿಜವಾದ ಬೆಲೆ.

ಹೊಸ ಬಾಡಿಯ ವಿಚಾರ ಬಂದಾಗ ಉಳಿದ ಲೆನ್ಸುಗಳನ್ನು ಮರೆಯಬಾರದು. ಲೆನ್ಸ್ ಕೂರುವ ಜೋಡಣೆಗೆ ಮೌಂಟ್ ಎನ್ನುತ್ತಾರೆ. ಡಿಎಸ್ಎಲ್ಆರ್ (ಒಳಗೆ ಏಳುವ ಕನ್ನಡಿಯಿರುವ ಕ್ಯಾಮೆರಾ) ಮೌಂಟಿನ ಲೆನ್ಸು ಮಿರರ್‌ಲೆಸ್ (ಆ ಕನ್ನಡಿಯಿಲ್ಲದ) ಬಾಡಿಯ ಮೇಲೆ ನೇರವಾಗಿ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಆರ್‌ಎಫ್ ಮೌಂಟಿನ ಮಿರರ್‌ಲೆಸ್ ಬಾಡಿಗಳ ಮೇಲೆ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಎಫ್ ಮೌಂಟಿನಿಂದ ಝಡ್ ಮೌಂಟಿಗೆ ಹೋಗುವವರು ಎಚ್ಚರವಾಗಿರಬೇಕು: ಒಳಗೆ ಮೋಟಾರಿರುವ ಲೆನ್ಸುಗಳು ಎಫ್‌ಟಿಝಡ್ ಅಡಾಪ್ಟರಿನಲ್ಲಿ ಫೋಕಸ್ ಆಗುತ್ತವೆ, ಆದರೆ ಬಾಡಿಯ ಮೋಟಾರನ್ನು ನೆಚ್ಚಿಕೊಂಡಿದ್ದ ಹಳೆಯ ಎಎಫ್-ಡಿ ಲೆನ್ಸುಗಳನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಕೈಯಲ್ಲಿ ಮೂರು ನಾಲ್ಕು ಒಳ್ಳೆಯ ಲೆನ್ಸುಗಳಿರುವವರಿಗೆ, ಎಕ್ಸ್‌ಚೇಂಜಿನ ಕೊಡುಗೆ ಎಷ್ಟೇ ಆಕರ್ಷಕವಾಗಿದ್ದರೂ, ಬ್ರಾಂಡ್ ಬದಲಿಸುವುದು ದುಬಾರಿಯೇ.

ಕಲಿಕೆಗೆ ಕೊಡುವುದು, ಕಪಾಟಿನಲ್ಲಿಡುವುದು

ಡಿಎಸ್ಎಲ್ಆರ್ ಒಂದರ ಒಳಗೆ ಭೌತಶಾಸ್ತ್ರದ ಪಾಠವೊಂದು ಕೂತಿರುತ್ತದೆ. ಏಳುವ ಕನ್ನಡಿ, ಬೆಳಕನ್ನು ತಿರುಗಿಸಿ ಚಿತ್ರವನ್ನು ನೆಟ್ಟಗಾಗಿಸುವ ಪೆಂಟಾಪ್ರಿಸಂ (ಅಗ್ಗದ ಮಾದರಿಗಳಲ್ಲಿ ಅದರ ಬದಲು ಕನ್ನಡಿಗಳ ಗೂಡಿರುತ್ತದೆ), ಎರಡು ಪರದೆಗಳ ಶಟರ್, ಇವನ್ನೆಲ್ಲ ಕಣ್ಣೆದುರು ಕಂಡ ವಿದ್ಯಾರ್ಥಿಗೆ ಪುಸ್ತಕದ ಚಿತ್ರಕ್ಕಿಂತ ಹೆಚ್ಚು ಅರ್ಥವಾಗುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯವೋ, ಎಲೆಕ್ಟ್ರಾನಿಕ್ಸ್ ಕಲಿಸುವ ಐಟಿಐಯೋ ಬೇಕೆಂದು ಹೇಳಿದರೆ ಮಾತ್ರ ಕೊಡಿ. ಬ್ಯಾಟರಿ ತೆಗೆದು, ಫ್ಲಾಶಿನ ಕೆಪಾಸಿಟರನ್ನು ತಿಳಿದವರಿಂದ ಖಾಲಿ ಮಾಡಿಸಿಯೇ ಕೊಡಬೇಕು. ಕೇಳದೆ ಕೊಟ್ಟರೆ ಅದು ದಾನವಾಗುವುದಿಲ್ಲ, ನಮ್ಮ ಮನೆಯ ಕಸವನ್ನು ಶಾಲೆಗೆ ಸಾಗಿಸಿದಂತಾಗುತ್ತದೆ. ಉಪ್ಪುನೀರಿನ ಕ್ಯಾಮೆರಾ ಇದಕ್ಕೂ ತಕ್ಕುದಲ್ಲ.

ತಂದೆಯ ಕಾಲದ ಕ್ಯಾಮೆರಾ, ಮೊದಲ ಸಂಬಳದಲ್ಲಿ ಕೊಂಡದ್ದು ಎಂಬ ಕಾರಣಕ್ಕೆ ಇಟ್ಟುಕೊಳ್ಳಬಯಸುವವರು ಇಟ್ಟುಕೊಳ್ಳಲಿ. ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯಬೇಕಾಗಿಲ್ಲ. ಚೆನ್ನಾಗಿರುವ ಲೆನ್ಸುಗಳ ಪಕ್ಕದಲ್ಲಿ ಮಾತ್ರ ಬೇಡ. ನೀರು ಹೊಕ್ಕ ಬಾಡಿಯಲ್ಲೂ ಲೆನ್ಸಿನಲ್ಲೂ ಉಳಿದ ತೇವ ಶಿಲೀಂಧ್ರಕ್ಕೆ ಅನುಕೂಲ, ಮಲೆನಾಡು ಮತ್ತು ಕರಾವಳಿಯ ಹವೆಯಲ್ಲಂತೂ ಅದು ಬೇಗ ಬೆಳೆಯುತ್ತದೆ. ಒಳ್ಳೆಯ ಲೆನ್ಸುಗಳನ್ನು ಸುಮಾರು 40ರಿಂದ 50 ಪ್ರತಿಶತ ಆರ್ದ್ರತೆಯ ಡ್ರೈ ಕ್ಯಾಬಿನೆಟ್ಟಿನಲ್ಲಿ (ಒಳಗಿನ ತೇವವನ್ನು ಹದದಲ್ಲಿಡುವ ಪೆಟ್ಟಿಗೆ) ಇಡಿ, ನೆನಪಿನ ಕ್ಯಾಮೆರಾವನ್ನು ಬೈಠಕ್‌ಖಾನೆಯಲ್ಲಿಡಿ.

ಇ-ತ್ಯಾಜ್ಯಕ್ಕೆ ಒಪ್ಪಿಸುವುದು

ಹಣದ ದೃಷ್ಟಿಯಿಂದ ಇದು ಕೊನೆಯ ಸ್ಥಾನದ ದಾರಿ, ಆದರೆ ಮೇಲಿನ ಯಾವ ದಾರಿಯಲ್ಲಿ ಹೋದರೂ ಉಳಿಯುವ ತುಣುಕುಗಳು ಬಂದು ಸೇರಬೇಕಾದದ್ದು ಇಲ್ಲಿಗೇ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವಿದ್ಯುನ್ಮಾನ ವಸ್ತುಗಳು ಬಳಕೆ ಮುಗಿದ ಮೇಲೆ ಸರಿಯಾಗಿ ಮರುಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಅವು ಉತ್ಪಾದಕರ ಮೇಲೆ ಹೊರಿಸುತ್ತವೆ. ಬ್ಯಾಟರಿಗಳಿಗೆ ಅದೇ ವರ್ಷದ ಪ್ರತ್ಯೇಕ ನಿಯಮಗಳಿವೆ. ಆದ್ದರಿಂದ ಮೊದಲು ನಿಮ್ಮ ಕ್ಯಾಮೆರಾದ ಕಂಪನಿಯನ್ನೇ ಕೇಳಿ. ಅವರ ಜಾಲತಾಣದಲ್ಲಿ ಸಂಗ್ರಹದ ವಿವರವನ್ನು ಹುಡುಕಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆ ಘಟಕಗಳೂ ಇವೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಈ ಕ್ಷೇತ್ರದಲ್ಲಿ ದೇಶದಲ್ಲೇ ಹಳೆಯದರ ಸಾಲಿಗೆ ಸೇರಿದ್ದು.

ಬೀದಿಯ ಗುಜರಿಯವರು ಕೈಗೆ ಹತ್ತೋ ಐವತ್ತೋ ರೂಪಾಯಿ ಕೊಡುತ್ತಾರೆ, ಅನುಮತಿ ಪಡೆದ ಘಟಕ ಬಹುಶಃ ಏನನ್ನೂ ಕೊಡುವುದಿಲ್ಲ. ವ್ಯತ್ಯಾಸ ಮುಂದಿನ ಹಂತದಲ್ಲಿದೆ. ಗುಜರಿಯಲ್ಲಿ ತಂತಿಗಳನ್ನು ಸುಟ್ಟು ತಾಮ್ರ ತೆಗೆಯುವುದು, ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನದ ಲೇಪವನ್ನು ಬಿಡಿಸುವುದು ಬರಿಗೈಯಲ್ಲಿ ನಡೆಯುವ ಕೆಲಸ. ಅದರ ಹೊಗೆಯನ್ನು ಕುಡಿಯುವವರು ಆ ಕೆಲಸ ಮಾಡುವ ಬಡವರೇ. ಐವತ್ತು ರೂಪಾಯಿಗಾಗಿ ಅದರಲ್ಲಿ ಪಾಲುದಾರರಾಗುವ ಅಗತ್ಯ ನನಗಂತೂ ಕಾಣುವುದಿಲ್ಲ. ಸಣ್ಣ ಊರುಗಳಲ್ಲಿರುವವರು ಒಂದೇ ಕ್ಯಾಮೆರಾಕ್ಕಾಗಿ ಪ್ರಯಾಣ ಮಾಡಬೇಕಾಗಿಲ್ಲ. ಹಳೆಯ ಫೋನು, ಚಾರ್ಜರುಗಳ ಜೊತೆ ಕೂಡಿಸಿಟ್ಟು, ನಗರಕ್ಕೆ ಹೋಗುವಾಗ ಒಯ್ಯಬಹುದು. ನೆನೆದ ಬ್ಯಾಟರಿಯನ್ನು ಮಾತ್ರ ಹಾಗೆ ಕೂಡಿಸಿಡದೆ ಬೇಗ ಸಾಗಿಸಿ. ಒಪ್ಪಿಸುವ ಮುನ್ನ ಕಾರ್ಡು ಒಳಗೆ ಉಳಿದಿಲ್ಲವೆಂದು ಇನ್ನೊಮ್ಮೆ ನೋಡಿಕೊಳ್ಳಿ. ಮನೆಯ ಮಕ್ಕಳ ಚಿತ್ರಗಳು ಅಪರಿಚಿತರ ಕೈ ಸೇರಲು ಅಷ್ಟೇ ಸಾಕು.

ಯಾರಿಗೆ ಯಾವುದು

ದುಡಿಮೆಗೆ ಕ್ಯಾಮೆರಾ ನೆಚ್ಚಿಕೊಂಡವರಿಗೆ ಸಮಯವೇ ಹಣ. ವಿಮೆಯ ಕಾಗದಗಳನ್ನು ಮೊದಲ ದಿನವೇ ಸಲ್ಲಿಸಿ, ಪರಿಹಾರ ಬರುವವರೆಗೆ ಬಾಡಿಗೆಯ ಕ್ಯಾಮೆರಾದಲ್ಲಿ ಒಪ್ಪಿಕೊಂಡ ಕೆಲಸಗಳನ್ನು ಮುಗಿಸಿ, ಅವಶೇಷವನ್ನು ಹೆಚ್ಚು ಚೌಕಾಸಿಯಿಲ್ಲದೆ ಬಿಟ್ಟುಕೊಡುವುದು ಅವರಿಗೆ ಹೊಂದುತ್ತದೆ. ವಿಮೆ ಇಲ್ಲದ ವಿದ್ಯಾರ್ಥಿಗೆ ಪ್ರತಿ ರೂಪಾಯಿಯೂ ಮುಖ್ಯವಾದ್ದರಿಂದ, ಜಾಲತಾಣದಲ್ಲಿ ಬಾಡಿಯನ್ನು ಇಡಿಯಾಗಿ ಮಾರಿ, ಆ ಹಣವನ್ನು ತನ್ನ ಲೆನ್ಸಿಗೆ ಹೊಂದುವ ಹಳೆಯ ಡಿಎಸ್ಎಲ್ಆರ್ ಬಾಡಿಯನ್ನು ಕೊಳ್ಳಲು ಬಳಸುವುದು ಒಳ್ಳೆಯದು. ಎಲ್ಲರೂ ಮಿರರ್‌ಲೆಸ್ ಕಡೆಗೆ ಹೊರಳುತ್ತಿರುವುದರಿಂದ ಅಂಥ ಬಾಡಿಗಳು ಈಗ ಅಗ್ಗವಾಗಿ ಸಿಗುತ್ತಿವೆ. ಹೇಗಿದ್ದರೂ ಬ್ರಾಂಡ್ ಬದಲಿಸಲೆಂದಿದ್ದ ಹವ್ಯಾಸಿಗಳು ಬಾಡಿ, ಲೆನ್ಸು, ಚಾರ್ಜರುಗಳನ್ನು ಬೇರೆಬೇರೆಯಾಗಿ, ಲೆನ್ಸಿನಿಂದ ಆರಂಭಿಸಿ ಮಾರಬೇಕು.

ಲೆನ್ಸ್ ಬಾಡಿಗೇ ಅಂಟಿಕೊಂಡಿರುವ ಸಣ್ಣ ಕ್ಯಾಮೆರಾಗಳಲ್ಲಿ ಈ ಲೆಕ್ಕಾಚಾರಕ್ಕೆ ಅಷ್ಟು ಜಾಗವಿಲ್ಲ. ಉಳಿಸಿಕೊಳ್ಳಲು ಲೆನ್ಸಿಲ್ಲ, ಬಿಡಿಭಾಗಗಳಿಗೆ ಬೇಡಿಕೆಯೂ ಕಡಿಮೆ. ಕಾರ್ಡು ತೆಗೆದುಕೊಂಡು, ಬ್ಯಾಟರಿ ಬೇರ್ಪಡಿಸಿ, ಕ್ಯಾಮೆರಾ ಮತ್ತು ಬ್ಯಾಟರಿ ಎರಡನ್ನೂ ಇ-ತ್ಯಾಜ್ಯದವರಿಗೆ ತಡಮಾಡದೆ ಒಪ್ಪಿಸಿಬಿಡಿ. ರಿಪೇರಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಆಟೋ ಬಾಡಿಗೆಯೇ ಅದರ ಬೆಲೆಯನ್ನು ಮೀರುತ್ತದೆ.